ಮಧ್ಯಾಹ್ನದ ಸೆಖೆಯಲ್ಲಿ ಲ್ಯಾಪ್‌ಟಾಪ್ ನಿಂತುಹೋಗುತ್ತಿದೆ: ತೊಂದರೆ ಬಿಸಿಯದೋ, ರ‍್ಯಾಮಿನದೋ?

ಪ್ರಶ್ನೆ: ಪುಟವಿನ್ಯಾಸ, ಹನುಮಂತನಗರ

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ಇಂಟೆಲ್ ಐ5 ಪ್ರೊಸೆಸರ್ ಇರುವ, ಆರು ವರ್ಷ ಹಳೆಯದಾದ ಒಂದೇ ಲ್ಯಾಪ್‌ಟಾಪಿನ ಮೇಲೆ ನನ್ನ ಕೆಲಸವೆಲ್ಲ ನಡೆಯುತ್ತದೆ. ಅದರಲ್ಲಿ ಮೊದಲಿನಿಂದಲೂ 8 ಜಿಬಿಯ, ಡಿಡಿಆರ್4 ಪೀಳಿಗೆಯ ರ‍್ಯಾಮ್ ಇತ್ತು. ಚಿತ್ರಗಳು ಹೆಚ್ಚಿರುವ ಪುಸ್ತಕಗಳು ಬರತೊಡಗಿದ ಮೇಲೆ, ಹೋದ ವರ್ಷ ಮಳೆಗಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೊಂದು 8 ಜಿಬಿ ಸ್ಟಿಕ್ ಕೊಂಡು ಖಾಲಿ ಇದ್ದ ಸ್ಲಾಟಿಗೆ ಹಾಕಿಸಿದೆ. ಅಲ್ಲಿಂದ ಚಳಿಗಾಲ ಮುಗಿಯುವವರೆಗೂ ಯಾವ ತೊಂದರೆಯೂ ಕಾಣಿಸಲಿಲ್ಲ.

ಮಾರ್ಚ್ ತಿಂಗಳಿನಿಂದ ಮಧ್ಯಾಹ್ನದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ನಿಂತುಹೋಗುತ್ತಿದೆ. ನಿಲ್ಲುವ ರೀತಿಯೂ ಪ್ರತಿ ಸಲ ಒಂದೇ ಆಗಿರುವುದಿಲ್ಲ. ಕೆಲವೊಮ್ಮೆ ನೀಲಿ ಪರದೆ ಬಂದು, ಒಂದು ದಿನ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದೂ ಇನ್ನೊಂದು ದಿನ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದೂ ಮತ್ತೊಂದು ದಿನ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂದೂ ತೋರಿಸುತ್ತದೆ. ಇನ್ನು ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ, ವೈರ್ ಕಿತ್ತುಹಾಕಿದಂತೆ, ಒಮ್ಮೆಲೇ ಆಫ್ ಆಗುತ್ತದೆ. ದೊಡ್ಡ ಪುಸ್ತಕವನ್ನು ಪಿಡಿಎಫ್ ಮಾಡುವಾಗ ಹೀಗೆ ಆಫ್ ಆಗುವುದು ಹೆಚ್ಚು. ನಾನು ಕೆಲಸ ಮಾಡುವುದು ತಾರಸಿಯ ಕೆಳಗಿನ ಕೋಣೆಯಲ್ಲಿ. ಬೆಳಗ್ಗೆ ಮತ್ತು ರಾತ್ರಿ ಹತ್ತರ ನಂತರ ಇದೇ ಕೆಲಸ ತಡೆಯಿಲ್ಲದೆ ನಡೆಯುತ್ತದೆ.

ಹತ್ತಿರದ ಒಂದು ಸರ್ವಿಸ್ ಅಂಗಡಿಯಲ್ಲಿ ರ‍್ಯಾಮ್ ಪರೀಕ್ಷೆ ಮಾಡಿ, ಅದು ಚೆನ್ನಾಗಿದೆ, ಮದರ್‌ಬೋರ್ಡ್ ಬದಲಿಸಬೇಕು ಎಂದು ಹೇಳಿದ್ದಾರೆ. ಅವರು ಕೇಳಿದ ಹಣ ಕೊಡುವ ಮೊದಲು, ತೊಂದರೆ ನಿಜವಾಗಿ ಎಲ್ಲಿದೆ ಎಂದು ನಾನೇ ಕಂಡುಕೊಳ್ಳುವ ದಾರಿ ಇದೆಯೇ? ಸ್ಕ್ರೂಡ್ರೈವರ್ ಹಿಡಿಯಲು ನನಗೆ ಅಂಜಿಕೆಯಿಲ್ಲ, ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದು ತಿಳಿಯಬೇಕಾಗಿದೆ.

ಉತ್ತರ: ದುರಸ್ತಿಮೇಜು, ರಾಜಾಜಿನಗರ

ಮೇಡಂ, ಲಕ್ಷಣಗಳನ್ನು ಇಷ್ಟು ವಿವರವಾಗಿ ಬರೆದದ್ದರಿಂದ ಅರ್ಧ ಕೆಲಸ ಹಗುರವಾಯಿತು. ಲ್ಯಾಪ್‌ಟಾಪ್ ದುರಸ್ತಿಯೇ ನನ್ನ ಉದ್ಯೋಗ. ನೀವು ಹೇಳಿದ ಎರಡು ಬಗೆಯ ನಿಲುಗಡೆಗಳನ್ನು ಒಂದೇ ರೋಗವೆಂದು ತಿಳಿಯದೆ ಬೇರೆಬೇರೆಯಾಗಿ ನೋಡುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ.

ಸೂಚನೆಯಿಲ್ಲದೆ ಒಮ್ಮೆಲೇ ಆಫ್ ಆಗುವುದು ಸಾಮಾನ್ಯವಾಗಿ ಬಿಸಿಯ ಅಥವಾ ವಿದ್ಯುತ್ ಪೂರೈಕೆಯ ಲಕ್ಷಣ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಹಾಗೆ ಇಳಿಸಿಕೊಂಡರೂ ಬಿಸಿ ಏರುತ್ತಲೇ ಹೋದರೆ, ಚಿಪ್ ಸುಟ್ಟುಹೋಗದಿರಲೆಂದು ಹಾರ್ಡ್‌ವೇರ್ ನೇರವಾಗಿ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಆಗ ವಿಂಡೋಸ್‌ಗೆ ನೀಲಿ ಪರದೆ ತೋರಿಸುವಷ್ಟು ಸಮಯವೂ ಸಿಗುವುದಿಲ್ಲ. ಯಂತ್ರದ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಆ ಹೊತ್ತಿನ ಎದುರಿಗೆ ‘ಕರ್ನಲ್ ಪವರ್ 41’ ಎಂಬ ದಾಖಲೆ ಕಾಣಿಸುತ್ತದೆ. ಹಲವರು ಅದನ್ನೇ ಕಾರಣವೆಂದು ಭಾವಿಸುತ್ತಾರೆ, ಆದರೆ ಅದು ಹೇಳುವುದು ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನು ಮಾತ್ರ. ನೀಲಿ ಪರದೆಯ ಕಥೆ ಬೇರೆ. ಪ್ರತಿ ಸಲವೂ ಒಂದೇ ಸಂಕೇತ ಬಂದರೆ ಯಂತ್ರದ ಭಾಗವೊಂದನ್ನು ನಡೆಸುವ ಯಾವುದೋ ಡ್ರೈವರ್ ತಂತ್ರಾಂಶದ ಮೇಲೆ ಅನುಮಾನ ಪಡಬಹುದು. ನಿಮಗೆ ಬಂದಂತೆ ಸಂಕೇತಗಳು ಬದಲಾಗುತ್ತಲೇ ಇದ್ದು, ಎಲ್ಲವೂ ಮೆಮೊರಿಯ ಸುತ್ತಲೇ ತಿರುಗುತ್ತಿದ್ದರೆ, ಮೊದಲು ನೋಡಬೇಕಾದದ್ದು ರ‍್ಯಾಮನ್ನೇ.

ಎಲ್ಲಕ್ಕಿಂತ ಮೊದಲು ನಿಮ್ಮ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅದನ್ನು ಬೆಳಗಿನ ತಂಪಿನಲ್ಲಿಯೇ ಮಾಡಿ, ಹಳೆಯ ನಕಲುಗಳ ಮೇಲೆ ಬರೆಯದೆ ಹೊಸ ಫೋಲ್ಡರಿನಲ್ಲಿ ಇಡಿ. ಕೆಟ್ಟ ರ‍್ಯಾಮ್ ಇರುವ ಯಂತ್ರವು ಫೈಲನ್ನು ನಕಲು ಮಾಡುವಾಗಲೂ ಅಕ್ಷರಗಳನ್ನು ಸದ್ದಿಲ್ಲದೆ ಕೆಡಿಸಬಲ್ಲದು.

ಆಮೇಲೆ ಬಿಸಿಯ ಕಡೆ ಬನ್ನಿ. ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಪಿಡಿಎಫ್ ಮಾಡುವಾಗ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹಿಂಬದಿಯ ಮುಚ್ಚಳ ತೆಗೆದಾಗ, ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಬ್ಯಾಟರಿ ಸ್ವಲ್ಪವಾದರೂ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ ಅದನ್ನು ಬದಲಿಸಬೇಕು. ಧೂಳು ನಿಜವಾಗಿ ಸೇರಿಕೊಳ್ಳುವುದು ಫ್ಯಾನಿನ ರೆಕ್ಕೆಗಳಲ್ಲಿ ಅಲ್ಲ. ಫ್ಯಾನಿಗೂ, ಬಿಸಿಯನ್ನು ಹೊರಬಿಡುವ ಹೀಟ್‌ಸಿಂಕಿನ ತೆಳುವಾದ ಲೋಹದ ಪಟ್ಟಿಗಳಿಗೂ ನಡುವೆ ಅದು ಕಂಬಳಿಯಂತೆ ಪದರಗಟ್ಟಿರುತ್ತದೆ, ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ. ರಸ್ತೆ ಅಗೆತ, ಮೆಟ್ರೊ ಕಾಮಗಾರಿಗಳಿರುವ ಬಡಾವಣೆಗಳಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಈ ಪದರವನ್ನು ನಾನು ಮತ್ತೆಮತ್ತೆ ಕಾಣುತ್ತೇನೆ. ಫ್ಯಾನನ್ನು ಬಿಚ್ಚಿ ಅದನ್ನು ತೆಗೆಯುವುದು ಮೇಲು. ಬ್ಲೋವರ್ ಬಳಸುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆರು ವರ್ಷದ ಯಂತ್ರವೆಂದರೆ ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿಯೇ ಇರುತ್ತದೆ, ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದು ಹಚ್ಚಿ.

ಶುಚಿ ಮಾಡುವ ದಿನವೇ ರ‍್ಯಾಮನ್ನೂ ಬಿಚ್ಚಿ ಮತ್ತೆ ಕೂರಿಸಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ, ಯಂತ್ರ ಸರಿಹೋದಾಗ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಬೇಸಿಗೆಯಲ್ಲಿ ತೊಂದರೆ ಮರಳಿದರೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಉತ್ತರ: ಕಟ್ಟೆಯ ಓದುಗ, ವಿಜಯನಗರ

ಇಷ್ಟೆಲ್ಲ ಬಿಚ್ಚುವ ಮೊದಲು ಸುಲಭದ ಒಂದು ಉಪಾಯವಿದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಟರ್ಬೊ ಬೂಸ್ಟ್ ನಿಲ್ಲುತ್ತದೆ, ಬಿಸಿ ತಕ್ಷಣವೇ ಗಣನೀಯವಾಗಿ ಕಡಿಮೆಯಾಗುತ್ತದೆ. ಕೆಲಸ ಸ್ವಲ್ಪ ನಿಧಾನವಾಗಬಹುದು. ಜೊತೆಗೆ ಒಂದು ಕೂಲಿಂಗ್ ಪ್ಯಾಡ್ ಇಟ್ಟುಕೊಂಡರೆ ಈ ಬೇಸಿಗೆಯನ್ನು ದಾಟಬಹುದೆಂದು ನನ್ನ ಅಭಿಪ್ರಾಯ. ಅಂಗಡಿಯವರು ರ‍್ಯಾಮ್ ಪರೀಕ್ಷಿಸಿ ಸರಿಯಿದೆ ಎಂದ ಮೇಲೆ ಅದರ ಹಿಂದೆ ಬೀಳುವುದೇಕೆ?

ಉತ್ತರ: ಎಲೆಕ್ಟ್ರಾನಿಕ್ಸ್ ಬೋಧಕ, ಮಲ್ಲೇಶ್ವರ

ಓದುಗರು ಹೇಳಿದ 99ರ ಉಪಾಯ ನಿಜವಾಗಿಯೂ ಕೆಲಸ ಮಾಡುತ್ತದೆ, ಬಿಸಿಯೇ ಕಾರಣವೋ ಎಂದು ತಿಳಿಯಲು ಅದು ಖರ್ಚಿಲ್ಲದ ಪರೀಕ್ಷೆಯೂ ಹೌದು. ಆದರೆ ಅವರ ಕೊನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕಾಗುತ್ತದೆ, ಏಕೆಂದರೆ ಈ ಇಡೀ ತೊಂದರೆಯ ತಿರುಳು ಅಲ್ಲಿಯೇ ಇದೆ.

ಇಂದು ನಾವು ಬಳಸುವ ರ‍್ಯಾಮಿನ ಪ್ರತಿಯೊಂದು ಬಿಟ್ಟೂ (0 ಅಥವಾ 1) ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಅತಿ ಸಣ್ಣ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದ ಈ ರಚನೆ ಮೂಲದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಆ ಕೆಪಾಸಿಟರಿನಲ್ಲಿರುವ ವಿದ್ಯುದಂಶ ತಾನಾಗಿಯೇ ಸೋರುತ್ತಿರುತ್ತದೆ. ಆದ್ದರಿಂದ ಡಿಡಿಆರ್4 ರ‍್ಯಾಮಿನಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಬೇಕೆಂಬ ನಿಯಮವಿದೆ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ: ಸುಮಾರು ಪ್ರತಿ 10 ಡಿಗ್ರಿ ಏರಿಕೆಗೆ ಬಿಟ್ ತನ್ನ ಬೆಲೆಯನ್ನು ಉಳಿಸಿಕೊಳ್ಳುವ ಅವಧಿ ಅರ್ಧದಷ್ಟಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಒರಟು ಲೆಕ್ಕ. ಅದಕ್ಕಾಗಿಯೇ ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕೆಂದು ನಿಗದಿ ಮಾಡಿದ್ದಾರೆ. ಆರೋಗ್ಯವಾಗಿರುವ ಬಿಟ್ಟುಗಳಿಗೆ ಈ ಅವಧಿಗಳು ಧಾರಾಳವಾಗಿ ಸಾಲುತ್ತವೆ. ಕೋಟ್ಯಂತರ ಬಿಟ್ಟುಗಳ ನಡುವೆ ಎಲ್ಲೋ ಒಂದು ಬಲಹೀನವಾಗಿದ್ದರೆ, ಅದು 40 ಡಿಗ್ರಿಯಲ್ಲಿ ಸರಿಯಾಗಿ ನಡೆದು 65 ಡಿಗ್ರಿಯಲ್ಲಿ ಸೋಲಬಹುದು. ಲ್ಯಾಪ್‌ಟಾಪಿನ ಸಾಮಾನ್ಯ ರ‍್ಯಾಮಿನಲ್ಲಿ ಇಂತಹ ದೋಷವನ್ನು ತಿದ್ದಿಕೊಳ್ಳುವ ಇಸಿಸಿ ವ್ಯವಸ್ಥೆ ಇರುವುದಿಲ್ಲ, ಹಾಗಾಗಿ ತಪ್ಪಾದ ಬಿಟ್ ಹಾಗೆಯೇ ಮುಂದಕ್ಕೆ ಹೋಗಿ, ಬಿದ್ದ ಜಾಗವನ್ನು ಅವಲಂಬಿಸಿ ಬೇರೆಬೇರೆ ನೀಲಿ ಪರದೆಗಳನ್ನು ತರುತ್ತದೆ.

ಹೀಗಿರುವಾಗ, ಅಂಗಡಿಯ ಫ್ಯಾನಿನ ಕೆಳಗೆ, ಮುಚ್ಚಳ ತೆಗೆದಿಟ್ಟು, ತಣ್ಣಗಿರುವ ಯಂತ್ರದಲ್ಲಿ ನಡೆಸಿದ ಪರೀಕ್ಷೆಯಲ್ಲಿ ರ‍್ಯಾಮ್ ಪಾಸಾಯಿತು ಎಂದರೆ, ತಣ್ಣಗಿದ್ದಾಗ ಅದು ಸರಿಯಾಗಿದೆ ಎಂದಷ್ಟೇ ತಿಳಿದಂತಾಯಿತು. ನಿಮ್ಮ ಯಂತ್ರ ನಿಲ್ಲುವುದು ಮಧ್ಯಾಹ್ನ, ತಾರಸಿಯ ಕೆಳಗೆ, ಕೆಲಸದ ಭಾರವಿದ್ದಾಗ. ಪರೀಕ್ಷೆಯೂ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಮುಚ್ಚಳ ಹಾಕಿ ನಡೆಯಬೇಕು.

ಪ್ರೊಸೆಸರಿನ ಬಿಸಿಯನ್ನು ನೋಡಿ ರ‍್ಯಾಮಿನ ಬಿಸಿಯನ್ನು ಊಹಿಸುವುದೂ ಕಷ್ಟ. ಡಿಡಿಆರ್5 ಸ್ಟಿಕ್‌ಗಳಲ್ಲಿ ಬಿಸಿ ಅಳೆಯುವ ಸೆನ್ಸರ್ ಇದೆ. ಲ್ಯಾಪ್‌ಟಾಪಿಗೆ ಬರುವ ಸಾಮಾನ್ಯ ಡಿಡಿಆರ್4 ಸ್ಟಿಕ್‌ಗಳಲ್ಲಿ ಅದು ಇರುವುದು ಅಪರೂಪ, ಆದ್ದರಿಂದ ಎಚ್‌ಡಬ್ಲ್ಯೂ ಇನ್ಫೋದಲ್ಲಿ ಆ ಸಾಲೇ ಕಾಣದಿರಬಹುದು. ರ‍್ಯಾಮ್ ಸ್ಲಾಟುಗಳು ಬಹಳ ಮಾದರಿಗಳಲ್ಲಿ ಬಿಸಿ ಸಾಗಿಸುವ ಹೀಟ್ ಪೈಪಿನ ಪಕ್ಕದಲ್ಲಿ, ಗಾಳಿ ಸರಿಯಾಗಿ ಹಾಯದ ಜಾಗದಲ್ಲಿ ಇರುತ್ತವೆ.

ನಮ್ಮ ಊರಿನ ವಿಷಯ ಒಂದು ಮಾತು. ಬೆಂಗಳೂರು ತಂಪೂರು ಎಂಬ ನಂಬಿಕೆಯಿಂದ ಬಿಸಿಯ ಕಡೆ ಗಮನ ಕೊಡದವರು ಬಹಳ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದಲ್ಲದೆ ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು, ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 8ರಿಂದ 10ರಷ್ಟು ಕಡಿಮೆ. ಅಂದರೆ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಬಿಸಿ ಸ್ವಲ್ಪ ಕಡಿಮೆಯಾಗುತ್ತದೆ. ವ್ಯತ್ಯಾಸ ಕೆಲವೇ ಡಿಗ್ರಿಗಳದ್ದು, ಆದರೆ ಅಂಚಿನಲ್ಲಿ ನಿಂತಿರುವ ಯಂತ್ರಕ್ಕೆ ಅದೂ ಭಾರವೇ.

ಉತ್ತರ: ದುರಸ್ತಿಮೇಜು, ರಾಜಾಜಿನಗರ

ಬೋಧಕರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಬಿಸಿಯಲ್ಲಿ ಪರೀಕ್ಷಿಸುವ ಕ್ರಮವನ್ನು ಹೇಳುತ್ತೇನೆ.

ಮೆಮ್‌ಟೆಸ್ಟ್86 ಪ್ಲಸ್ ಎಂಬುದು ಪೆನ್‌ಡ್ರೈವಿನಿಂದಲೇ ಬೂಟ್ ಆಗುವ ಮುಕ್ತ ತಂತ್ರಾಂಶ. ವಿಂಡೋಸ್‌ನೊಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್‌ಗಿಂತ ಇದು ಹೆಚ್ಚು ಕಠಿಣವಾಗಿ ಪರೀಕ್ಷಿಸುತ್ತದೆ. ಇದನ್ನು ಓಡಿಸಲು ಕೆಲವು ಯಂತ್ರಗಳಲ್ಲಿ ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗುತ್ತದೆ, ಇಲ್ಲಿ ಎಚ್ಚರಿಕೆ ಬೇಕು. ನಿಮ್ಮ ಡಿಸ್ಕ್ ಬಿಟ್‌ಲಾಕರ್‌ನಿಂದ ಲಾಕ್ ಆಗಿದ್ದರೆ, ಈ ಬದಲಾವಣೆಯ ನಂತರ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹಲವರಿಗೆ ತಮ್ಮ ಯಂತ್ರದಲ್ಲಿ ಬಿಟ್‌ಲಾಕರ್ ಇದೆಯೆಂಬುದೇ ತಿಳಿದಿರುವುದಿಲ್ಲ. ಕೀಯನ್ನು ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ.

ಮಧ್ಯಾಹ್ನ ಮೊದಲು ಅರ್ಧ ಗಂಟೆ ದೊಡ್ಡ ಪಿಡಿಎಫ್ ಕೆಲಸ ಕೊಟ್ಟು ಯಂತ್ರವನ್ನು ಬಿಸಿ ಮಾಡಿ, ಅದು ಆರುವ ಮೊದಲೇ ಮೆಮ್‌ಟೆಸ್ಟಿಗೆ ಬೂಟ್ ಮಾಡಿ. ಎರಡೂ ಸ್ಟಿಕ್‌ಗಳಿದ್ದಾಗ ದೋಷ ಕಂಡರೆ, ಪರದೆಯ ಮೇಲಿನ ವಿಳಾಸ ನೋಡಿ ಇಂಥದ್ದೇ ಸ್ಟಿಕ್ ಎಂದು ತೀರ್ಮಾನಿಸಬೇಡಿ: ಎರಡೂ ಸ್ಟಿಕ್ಕುಗಳನ್ನು ಒಟ್ಟಿಗೆ ಬಳಸುವ ಡ್ಯುಯಲ್ ಚಾನೆಲ್‌ನಲ್ಲಿ ವಿಳಾಸಗಳು ಎರಡರ ನಡುವೆ ಹಂಚಿಕೊಂಡಿರುತ್ತವೆ. ಒಂದೊಂದೇ ಸ್ಟಿಕ್ಕನ್ನು ಒಂದೊಂದೇ ಸ್ಲಾಟಿನಲ್ಲಿಟ್ಟು ಬೇರೆಬೇರೆಯಾಗಿ ಓಡಿಸಿ. ದೋಷವು ಸ್ಟಿಕ್ಕಿನ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ದೋಷ ಉಳಿದರೆ ಸ್ಲಾಟು ಅಥವಾ ಬೋರ್ಡು. ಎರಡೂ ಒಂಟಿಯಾಗಿ ಪಾಸಾಗಿ ಜೊತೆಯಾದಾಗ ಮಾತ್ರ ಸೋತರೆ ಹೊಂದಾಣಿಕೆಯ ತೊಂದರೆ. ಮದರ್‌ಬೋರ್ಡಿನ ಮಾತು ಬರಬೇಕಾದದ್ದು ಇಷ್ಟೂ ಆದ ಮೇಲೆ. ಮೆಮ್‌ಟೆಸ್ಟಿನಲ್ಲಿ ಒಂದೇ ಒಂದು ದೋಷ ಬಂದರೂ ಅದು ಫೇಲೇ, ಇಲ್ಲಿ ಇಷ್ಟರ ಮಟ್ಟಿಗೆ ಪರವಾಗಿಲ್ಲ ಎಂಬ ಲೆಕ್ಕ ಇಲ್ಲ.

ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿ ಬಹಳವಿದೆ. ರಬ್ಬರಿನ ಪುಡಿ ಸ್ಲಾಟಿನೊಳಗೆ ಉಳಿದುಬಿಡುತ್ತದೆ, ಲೇಪವೂ ಸವೆಯುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು.

ಮರುಪ್ರಶ್ನೆ: ಪುಟವಿನ್ಯಾಸ, ಹನುಮಂತನಗರ

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದ ಕ್ರಮದಲ್ಲಿಯೇ ಮಾಡಿದ್ದೇನೆ, ಫಲಿತಾಂಶವನ್ನು ಇತರರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಶುಚಿ ಮಾಡುವ ಮೊದಲು, ಪಿಡಿಎಫ್ ಕೆಲಸದಲ್ಲಿ ಪ್ರೊಸೆಸರ್ 100 ಡಿಗ್ರಿಯಲ್ಲಿಯೇ ನಿಲ್ಲುತ್ತಿತ್ತು. ಹೀಟ್‌ಸಿಂಕಿನ ಬಾಯಿಯನ್ನು ಧೂಳು ಪೂರ್ತಿ ಮುಚ್ಚಿತ್ತು. ಅದನ್ನು ತೆಗೆದು ಹೊಸ ಪೇಸ್ಟ್ ಹಚ್ಚಿದ ಮೇಲೆ ಅದೇ ಕೆಲಸದಲ್ಲಿ, ಅದೇ ಹೊತ್ತಿನಲ್ಲಿ 84 ಡಿಗ್ರಿಯ ಆಸುಪಾಸಿನಲ್ಲಿದೆ. ಒಮ್ಮೆಲೇ ಆಫ್ ಆಗುವುದು ಅಲ್ಲಿಗೆ ನಿಂತಿತು. ಆದರೆ ನೀಲಿ ಪರದೆ ನಿಲ್ಲಲಿಲ್ಲ, ವಿರಳವಾಯಿತು ಅಷ್ಟೆ.

ಆಮೇಲೆ ಮೆಮ್‌ಟೆಸ್ಟ್ ಓಡಿಸಿದೆ. ಹಳೆಯ ಸ್ಟಿಕ್ ಎರಡು ಸ್ಲಾಟುಗಳಲ್ಲಿಯೂ, ಬೆಳಗ್ಗೆಯೂ ಮಧ್ಯಾಹ್ನವೂ ಒಂದು ದೋಷವನ್ನೂ ತೋರಿಸಲಿಲ್ಲ. ಹೊಸ ಸ್ಟಿಕ್ ಬೆಳಗ್ಗೆ ಪೂರ್ತಿ ಪಾಸಾಯಿತು. ಮಧ್ಯಾಹ್ನ ಯಂತ್ರ ಬಿಸಿಯಾಗಿದ್ದಾಗ ಓಡಿಸಿದರೆ ದೋಷ ತೋರಿಸುವ ಕೆಂಪು ಸಾಲುಗಳು ಬಂದವು, ಸ್ಲಾಟ್ ಬದಲಿಸಿದರೂ ಬಂದವು, ಅದೂ ಅವೇ ಕೆಲವು ವಿಳಾಸಗಳಲ್ಲಿ. ಸದ್ಯ ಹಳೆಯ 8 ಜಿಬಿಯಲ್ಲಿಯೇ ಕೆಲಸ ನಡೆಸುತ್ತಿದ್ದೇನೆ. ನಿಧಾನವಾದರೂ ಒಮ್ಮೆಯೂ ನಿಂತಿಲ್ಲ.

ಎರಡು ಪ್ರಶ್ನೆಗಳು ಉಳಿದಿವೆ. ಸ್ಟಿಕ್ಕನ್ನು ಕೊಂಡ ಅಂಗಡಿಗೆ ಒಯ್ದರೆ ಅವರೂ ತಣ್ಣಗೆ ಪರೀಕ್ಷಿಸಿ ಸರಿಯಿದೆ ಎಂದರೆ ಏನು ಮಾಡುವುದು? ಮತ್ತು, ಈ ಬೇಸಿಗೆಯಲ್ಲಿ ಮುಗಿಸಿದ ಎರಡು ಪುಸ್ತಕಗಳ ಫೈಲುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಮುಕ್ತ ತಂತ್ರಾಂಶ ಬಳಕೆದಾರ, ಜಯನಗರ

ಇದು ಮೇಡಂ ಅವರಿಗೆ ಬೇಕಾಗದಿರಬಹುದು, ಆದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪ್ ಇರುವವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತೇನೆ. ದೋಷ ಯಾವಾಗಲೂ ಅವೇ ಕೆಲವು ವಿಳಾಸಗಳಲ್ಲಿ ಬರುತ್ತಿದ್ದರೆ, ಆ ಭಾಗವನ್ನು ಬಳಸಬೇಡ ಎಂದು ಕಾರ್ಯಾಚರಣ ವ್ಯವಸ್ಥೆಗೆ ಹೇಳಬಹುದು. ಮೆಮ್‌ಟೆಸ್ಟ್86 ಪ್ಲಸ್ ಕೆಟ್ಟ ವಿಳಾಸಗಳನ್ನು ಬ್ಯಾಡ್‌ರ‍್ಯಾಮ್ ನಮೂನೆಯಲ್ಲಿ ಕೊಡುತ್ತದೆ, ಲಿನಕ್ಸ್‌ನಲ್ಲಿ ಅದನ್ನು ಗ್ರಬ್ ಎಂಬ ಬೂಟ್ ತಂತ್ರಾಂಶದ ಸೆಟ್ಟಿಂಗಿನಲ್ಲಿ ಸೇರಿಸಬಹುದು. ವಿಂಡೋಸ್‌ನಲ್ಲಿಯೂ ಬಿಸಿಡಿ ಎಡಿಟ್ ಎಂಬ ಆಜ್ಞೆಯ ಮೂಲಕ ಮೆಮೊರಿಯ ಕೆಟ್ಟ ಪುಟಗಳ (ಭಾಗಗಳ) ಪಟ್ಟಿ ಕೊಡುವ ವ್ಯವಸ್ಥೆಯಿದೆ. ಬಿಸಿಗೆ ಸೋಲುವ ಬಿಟ್ಟುಗಳು ಕಾಲಕ್ರಮದಲ್ಲಿ ಹೆಚ್ಚಾಗಬಹುದಾದ್ದರಿಂದ ಇದನ್ನು ತಾತ್ಕಾಲಿಕ ಏರ್ಪಾಡೆಂದು ತಿಳಿಯಬೇಕು. ಬದಲಿಸಬಹುದಾದ ಸ್ಟಿಕ್ ಇರುವವರು ಬದಲಿಸುವುದೇ ಸರಿ.

ಉತ್ತರ: ದುರಸ್ತಿಮೇಜು, ರಾಜಾಜಿನಗರ

ಮೇಡಂ, ನಿಮ್ಮ ಫಲಿತಾಂಶ ಬಹಳ ಸ್ಪಷ್ಟವಾಗಿದೆ. ಒಂದೇ ಯಂತ್ರದಲ್ಲಿ ಎರಡು ತೊಂದರೆಗಳಿದ್ದವು. ಧೂಳಿನಿಂದ ಏರಿದ ಬಿಸಿ ಯಂತ್ರವನ್ನು ಆಫ್ ಮಾಡುತ್ತಿತ್ತು, ಅದೇ ಬಿಸಿ ಹೊಸ ಸ್ಟಿಕ್ಕಿನ ಬಲಹೀನತೆಯನ್ನೂ ಹೊರಗೆ ತರುತ್ತಿತ್ತು. ನಿಮ್ಮ ಮದರ್‌ಬೋರ್ಡಿನಲ್ಲಿ ದೋಷವಿದೆ ಎನ್ನಲು ಇದರಲ್ಲಿ ಯಾವ ಆಧಾರವೂ ಇಲ್ಲ.

ಅಂಗಡಿಗೆ ಹೋಗುವ ಮುನ್ನ ಕೆಂಪು ಸಾಲುಗಳು ಕಾಣುವ ಪರದೆಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಪರೀಕ್ಷೆ ಓಡಿದ ಸಮಯ ಕಾಣಬೇಕು. ಸ್ಟಿಕ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರಿನ ಫೋಟೊ, ಜಿಎಸ್‌ಟಿ ಬಿಲ್ ಎರಡೂ ಜೊತೆಗಿರಲಿ. ಚೀಟಿಯನ್ನು ಮಾತ್ರ ಕೀಳಬೇಡಿ, ಅದು ಹೋದರೆ ವಾರಂಟಿಯೂ ಹೋಯಿತು. ಅಂಗಡಿಯವರು ಒಪ್ಪದಿದ್ದರೆ ನೇರವಾಗಿ ರ‍್ಯಾಮ್ ತಯಾರಕರ ವೆಬ್‌ಸೈಟಿನಲ್ಲಿ ವಾರಂಟಿ ಕೋರಿಕೆ ಸಲ್ಲಿಸಬಹುದು. ಹೆಸರಾಂತ ತಯಾರಕರಲ್ಲಿ ಹಲವರು ರ‍್ಯಾಮಿಗೆ ದೀರ್ಘಾವಧಿಯ ವಾರಂಟಿ ಕೊಡುತ್ತಾರೆ. ಬದಲಿ ಕೊಳ್ಳುವ ಸಂದರ್ಭ ಬಂದರೆ, 1.2 ವೋಲ್ಟಿನ 260 ಪಿನ್ನುಗಳ ಡಿಡಿಆರ್4 ಲ್ಯಾಪ್‌ಟಾಪ್ ಸ್ಟಿಕ್ಕೇ ಆಗಿರಬೇಕು. ವೇಗ ಹಳೆಯದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ, ಎರಡೂ ಕಡಿಮೆ ವೇಗದ ಸ್ಟಿಕ್ಕಿಗೆ ಹೊಂದಿಕೊಂಡು ನಡೆಯುತ್ತವೆ.

ಫೈಲುಗಳ ವಿಷಯದಲ್ಲಿ ನಾನು ನಿಮ್ಮಷ್ಟೇ ಕಾಳಜಿ ವಹಿಸುತ್ತಿದ್ದೆ. ಪುಸ್ತಕ ಮುದ್ರಣಕ್ಕೆ ಹೋಗಿಲ್ಲವಾದರೆ ಈಗಿನ ಸ್ಥಿತಿಯಲ್ಲಿ, ಹಳೆಯ ಸ್ಟಿಕ್ ಒಂದರಲ್ಲೇ, ಮೂಲ ಫೈಲಿನಿಂದ ಪಿಡಿಎಫ್ಫನ್ನು ಹೊಸದಾಗಿ ಮಾಡಿ. ಬೇಸಿಗೆಯಲ್ಲಿ ಮಾಡಿದ ಪಿಡಿಎಫ್ಫಿನ ಪುಟಗಳನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿ, ಮುಖ್ಯವಾಗಿ ಚಿತ್ರಗಳಲ್ಲಿ ಅಡ್ಡಗೆರೆ ಅಥವಾ ಬಣ್ಣದ ಪಟ್ಟಿ ಬಂದಿದೆಯೇ ಎಂದು ನೋಡಿ, ಕೆಟ್ಟ ಬಿಟ್ ಮೊದಲು ಕಣ್ಣಿಗೆ ಬೀಳುವುದು ಅಲ್ಲಿಯೇ. ಮೂಲ ಫೈಲೇ ತೆರೆಯಲು ತಕರಾರು ಮಾಡಿದರೆ, ಫೆಬ್ರವರಿಗಿಂತ ಮುಂಚಿನ ನಕಲಿನಿಂದ ಶುರುಮಾಡುವುದು ಕ್ಷೇಮ. ವಿಂಡೋಸ್‌ನ ಸ್ವಂತ ಫೈಲುಗಳಿಗಾಗಿ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಆಜ್ಞೆಯನ್ನೂ ಡಿಸ್ಕಿಗಾಗಿ ‘ಚೆಕ್ ಡಿಸ್ಕ್’ ಅನ್ನೂ ಒಮ್ಮೆ ಓಡಿಸಿಬಿಡಿ. ಬದಲಿ ಸ್ಟಿಕ್ ಬಂದ ಮೇಲೆ ಮೆಮ್‌ಟೆಸ್ಟನ್ನು ಮತ್ತೆ ತಾರಸಿಯ ಕೆಳಗಿನ ಕೋಣೆಯಲ್ಲಿ, ಮಧ್ಯಾಹ್ನವೇ ಓಡಿಸಿ, ಅದು ಪಾಸಾಗುವವರೆಗೆ ಹೊಸ ಪುಸ್ತಕದ ಫೈಲನ್ನು ಆ ಯಂತ್ರದಲ್ಲಿ ತೆರೆಯಬೇಡಿ.